ಕಾರು ತಗ್ಗಿಸಿದ ಮೇಲೆ ಅಲೈನ್‌ಮೆಂಟ್: ಮೊದಲು ಟೋ ನೋಡಿ

ಸ್ಪ್ರಿಂಗ್ ಬದಲಿಸಿ ಕಾರನ್ನು 30–40 ಮಿ.ಮೀ. ತಗ್ಗಿಸಿದರೆ ಚಕ್ರಗಳು ಮೊದಲು ನಿಂತ ಕೋನದಲ್ಲಿ ನಿಲ್ಲುವುದಿಲ್ಲ. ಆ ಕೋನಗಳನ್ನು ಸರಿಪಡಿಸುವುದೇ ಅಲೈನ್‌ಮೆಂಟ್. ಸ್ವಿಫ್ಟ್, ಐ20 ತರಹದ ಕಾರುಗಳನ್ನೇ ತೆಗೆದುಕೊಳ್ಳಿ: ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿರುವ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ). ಮುಂಭಾಗ ತಗ್ಗಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲುತ್ತದೆ. ಇದು ನೆಗೆಟಿವ್ ಕ್ಯಾಂಬರ್. ಜೊತೆಗೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಮತ್ತು ಟೈ ರಾಡ್ (ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸರಳು) ಬೇರೆ ಬೇರೆ ಕಮಾನಿನಲ್ಲಿ ಚಲಿಸುವುದರಿಂದ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಕೂಡ ಬದಲಾಗುತ್ತದೆ.

ಕ್ಯಾಂಬರ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರಿಗೂ ಅದರದೇ ಚಿಂತೆ. ಆದರೆ ಟೈರನ್ನು ಬೇಗ ತಿನ್ನುವುದು ಟೋ. ಲೆಕ್ಕ ಹಾಕಿ: 15 ಇಂಚಿನ ರಿಮ್‌ನ ಮುಂದಿನ ಮತ್ತು ಹಿಂದಿನ ಅಂಚಿನ ನಡುವೆ 1 ಮಿ.ಮೀ. ವ್ಯತ್ಯಾಸವಿದ್ದರೆ ಸುಮಾರು 0.14 ಡಿಗ್ರಿ. ಅಷ್ಟು ಓರೆಯಾದ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು ಎರಡೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡೇ ಸಾಗುತ್ತದೆ.

ಕೆಲಸಕ್ಕೆ ಮುಂಚೆ ಒಂದು ಮಾತು. ವಾಹನದ ಮೂಲ ರಚನೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ. ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ.

ಮೊದಲ ಹಂತವನ್ನು ಬಹಳ ಗ್ಯಾರೇಜುಗಳು ಬಿಟ್ಟೇಬಿಡುತ್ತವೆ: ಬುಷ್‌ಗಳನ್ನು (ತೋಳುಗಳ ಕೀಲಿನಲ್ಲಿರುವ ರಬ್ಬರು ಬಳೆಗಳು) ಸಡಿಲಿಸಿ ಮತ್ತೆ ಬಿಗಿಯುವುದು. ಹಳೆಯ ಎತ್ತರದಲ್ಲಿ ಬಿಗಿದ ಲೋವರ್ ಆರ್ಮ್ ಬುಷ್‌ನ ರಬ್ಬರು ಈಗ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರಗಳು ನೆಲದ ಮೇಲಿದ್ದು ಕಾರಿನ ಭಾರ ಬಿದ್ದಿರುವಾಗಲೇ ಆ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬೇಕು. ಚಕ್ರದ ಕಡೆಯ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಅಲುಗಾಡಿದರೆ ಮೊದಲು ಅವನ್ನು ಬದಲಿಸಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಲೇಬೇಕು.

ಹೊಸ ಸ್ಪ್ರಿಂಗ್ ಕೂರಲು ಕೆಲವು ದಿನ ಓಡಿಸಬೇಕು. ಅಷ್ಟರೊಳಗೆ ಟೈರು ಸವೆಯದಂತೆ ಮನೆಯಲ್ಲೇ ದಾರ ಕಟ್ಟಿ ಟೋ ನೋಡಿಕೊಳ್ಳಬಹುದು. ಸಮತಟ್ಟು ಜಾಗದಲ್ಲಿ, ಟೈರಿನ ಗಾಳಿ ಸರಿ ಮಾಡಿ, ಸ್ಟೀರಿಂಗ್ ನೇರ ಇಟ್ಟು, ಕಾರನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಎರಡೂ ಪಕ್ಕ ಚಕ್ರದ ನಡುಮಟ್ಟಕ್ಕೆ ದಾರ ಎಳೆಯಿರಿ. ಎರಡು ದಾರಗಳ ನಡುವಿನ ಅಂತರ ಮುಂದೆ, ಹಿಂದೆ ಒಂದೇ ಇರಬೇಕು. ಮುಂದಿನ ಎರಡು ಹಬ್‌ಗಳಿಂದ (ಚಕ್ರದ ನಡುಭಾಗ) ತಂತಮ್ಮ ದಾರಕ್ಕಿರುವ ದೂರವೂ ಸಮನಾಗಿರಬೇಕು, ಹಿಂದಿನ ಎರಡಕ್ಕೂ ಹಾಗೆಯೇ. ನಂತರ ಸ್ಟೀಲ್ ಸ್ಕೇಲಿನಿಂದ ದಾರಕ್ಕೂ ರಿಮ್‌ನ ಎರಡು ಅಂಚುಗಳಿಗೂ ಇರುವ ದೂರ ಅಳೆಯಿರಿ. ಮುಂದಿನ ಅಂಚು ಹೆಚ್ಚು ದೂರವಿದ್ದರೆ ಟೋ ಇನ್, ಹತ್ತಿರವಿದ್ದರೆ ಟೋ ಔಟ್. ವ್ಯತ್ಯಾಸ ದೊಡ್ಡದಿದ್ದರೆ ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ, ಎರಡೂ ಬದಿ ಸಮನಾಗಿ ತಿರುಗಿಸಿ.

ಸ್ಪ್ರಿಂಗ್ ಕೂತ ಮೇಲೆ ಕಂಪ್ಯೂಟರ್ ಅಲೈನ್‌ಮೆಂಟಿಗೆ ಹೋಗಿ. ಅಲ್ಲಿ ಕ್ರಮ ಮುಖ್ಯ: ಹಿಂದಿನ ಚಕ್ರದ ಅಳತೆ, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಬದಲಾಗುತ್ತದೆ. ಟಾರ್ಷನ್ ಬೀಮ್‌ನಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ಅಳತೆ ತೀರಾ ತಪ್ಪಿದ್ದರೆ ಹಬ್ ಹಿಂದೆ ಶಿಮ್ (ಕೋನ ಸರಿಪಡಿಸುವ ತೆಳು ಬಿಲ್ಲೆ) ಹಾಕಬೇಕಾಗುತ್ತದೆ.

ಪರದೆಯಲ್ಲಿ ಕ್ಯಾಂಬರ್ ಕೆಂಪು ತೋರಿಸಿದರೆ ಗಾಬರಿ ಬೇಡ, ಯಂತ್ರದಲ್ಲಿರುವುದು ಕಂಪನಿ ಎತ್ತರದ ಅಂಕಿ. ಎರಡೂ ಬದಿ ಸಮನಾಗಿ ಮೈನಸ್ 1.5 ಡಿಗ್ರಿಯೊಳಗಿದ್ದರೆ ನಾನು ಹಾಗೇ ಬಿಡುತ್ತೇನೆ. ಅದಕ್ಕಿಂತ ಹೆಚ್ಚಿದ್ದರೆ ಅಥವಾ ಎಡಬಲಕ್ಕೆ ಅರ್ಧ ಡಿಗ್ರಿಗಿಂತ ವ್ಯತ್ಯಾಸವಿದ್ದರೆ ಸ್ಟ್ರಟ್ ಮತ್ತು ನಕಲ್ (knuckle, ಹಬ್ ಹಿಡಿದಿರುವ ಭಾಗ) ಸೇರುವಲ್ಲಿ ಕೋನ ಹೊಂದಿಸಬಲ್ಲ ಕ್ಯಾಂಬರ್ ಬೋಲ್ಟ್ ಹಾಕಿಸಿ. ಟೋ ಮಾತ್ರ ಕಂಪನಿ ಹೇಳಿದ ಅಂಕಿಗೇ ಬರಬೇಕು, ಅದರಲ್ಲಿ ರಾಜಿ ಬೇಡ. ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಇರುವ ಕಾರಾದರೆ ಅದನ್ನೂ ಸ್ಕ್ಯಾನರಿನಲ್ಲಿ ಸೊನ್ನೆಗೆ ತರಿಸಿ.

ಓಡಿಸಿ ನೋಡುವಾಗ ಕಾರು ತುಸು ಎಡಕ್ಕೆ ಸರಿದರೆ ಅದು ರಸ್ತೆಯ ಇಳಿಜಾರಿನಿಂದಲೂ ಇರಬಹುದು. ಸುಮಾರು 1,000 ಕಿ.ಮೀ. ಆದ ಮೇಲೆ ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಆಡಿಸಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಟೋ ಇನ್ನೂ ಸರಿಯಾಗಿಲ್ಲ, ಪ್ರಿಂಟ್ ಹಿಡಿದು ಮತ್ತೆ ಅಂಗಡಿಗೆ ಹೋಗಿ.