ಸಮ್ಮರಿ ಹೇಳೋದು ನಿಲ್ಲಿಸಿದ ಮೇಲೆ ಪೋಯಂ ಪಾಠ ಸರಿಹೋಯ್ತು – ನನ್ನ ಅನುಭವ

ಈ ಸಲದ ಪೇಪರ್ ತಿದ್ದಿ ಮುಗಿಸಿದ ರಾತ್ರೀನೇ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ನಾನು ಇಂಗ್ಲಿಷ್ ಟೀಚರ್, ಪೋಯಂ ಸಮ್ಮರಿ ಬರೆಸೋದು ಬಿಟ್ಟು ಮಕ್ಕಳೇ ಪೋಯಂ ಓದಿ ಯೋಚಿಸೋ ಥರ ಪಾಠ ಮಾಡಕ್ಕೆ ಹೊರಟೆ. ಅದಕ್ಕೆ ನಾಲ್ಕು ವರ್ಷದಿಂದ ಸ್ಟಾಫ್ ರೂಮಲ್ಲಿ "ಮೇಡಂ, ಇದೆಲ್ಲ ನೋಡಕ್ಕೆ ಚೆನ್ನಾಗಿರತ್ತೆ, ಆದ್ರೆ ಪೋರ್ಷನ್ ಮುಗಿಯಲ್ಲ, ಮಾರ್ಕ್ಸೂ ಬರಲ್ಲ" ಅಂತ ಕೇಳಿ ಕೇಳಿ ಸಾಕಾಗಿತ್ತು. ಈಗ ಪೋರ್ಷನ್ನೂ ಮುಗ್ದಿದೆ, ಅನ್‌ಸೀನ್ ಪೋಯಂ (ಪಾಠದಲ್ಲಿಲ್ಲದ ಪೋಯಂ) ಪ್ರಶ್ನೇನ ಖಾಲಿ ಬಿಟ್ಟೋರು 42 ಮಕ್ಕಳಲ್ಲಿ ಇಬ್ರೋ ಮೂವರೋ ಅಷ್ಟೇ, ಮುಂಚೆ ಹತ್ತು ಹನ್ನೆರಡು ಮಕ್ಕಳು ಆ ಪುಟಾನೇ ಮುಟ್ತಿರ್ಲಿಲ್ಲ. ಹಾಗೆ ಅಂತಿದ್ದ ಸಹೋದ್ಯೋಗಿಗಳಲ್ಲಿ ಒಬ್ರು ಕಳೆದ ತಿಂಗಳು ನನ್ನ ಕ್ಲಾಸಿಗೆ ಬಂದು ಲಾಸ್ಟ್ ಬೆಂಚಲ್ಲಿ ಪೂರ್ತಿ ಎರಡು ಪೀರಿಯಡ್ ಕೂತು ಹೋದ್ರು, ಹೋಗುವಾಗ ನನ್ನ ನೋಟ್‌ಬುಕ್ಕನ್ನೂ ಕೇಳಿ ತಗೊಂಡು ಹೋದ್ರು. ನನಗೆ ತುಂಬಾ ಸಂತೋಷ ಆಯ್ತು.

ಮೊದ್ಲು ನಾನು ಹೇಗೆ ಮಾಡ್ತಿದ್ದೆ ಅಂತ ನಿಮಗೆ ಗೊತ್ತೇ ಇದೆ, ಎಲ್ರೂ ಮಾಡೋ ಹಾಗೇನೇ. ಕವಿ ಪರಿಚಯ, ಒಂದ್ಸಲ ಓದೋದು, ಸಾಲು ಸಾಲಾಗಿ ಅರ್ಥ, ಕಷ್ಟದ ಪದ, ಸಮ್ಮರಿ ಡಿಕ್ಟೇಟ್ ಮಾಡೋದು, ಆಮೇಲೆ ಫಿಗರ್ ಆಫ್ ಸ್ಪೀಚ್ (ಅಲಂಕಾರ) ಪಟ್ಟಿ. ಹನ್ನೊಂದು ವರ್ಷ ಹೀಗೇ ಮಾಡ್ದೆ. ಮಕ್ಕಳು ಸಮ್ಮರಿ ಬಾಯಿಪಾಠ ಮಾಡಿ ಬರೀತಿದ್ರು, ಪಾಠದಲ್ಲಿರೋ ಪೋಯಂ ಬಂದ್ರೆ ಮಾರ್ಕ್ಸ್ ಬರ್ತಿತ್ತು, ಗೊತ್ತಿಲ್ದೇ ಇರೋ ಎಂಟು ಸಾಲು ಕೊಟ್ರೆ ಕೈ ಕಟ್ಕೊಂಡು ಕೂರ್ತಿದ್ರು. ಒಂದ್ ದಿನ ಒಬ್ಬ ಹುಡುಗ ಪುಸ್ತಕ ತೆಗೀದೇನೇ ಪೋಯಂ ಪ್ರಶ್ನೆಗೆ ಸರಿ ಉತ್ತರ ಬರ್ದಿದ್ದ. ನೀನು ಪೋಯಂ ಓದಿದೀಯೇನೋ ಅಂದ್ರೆ "ಇಲ್ಲ ಮಿಸ್, ನೋಟ್ಸ್ ಓದ್ದೆ" ಅಂದ. ಅವತ್ತು ನಾನು ನಿದ್ದೆ ಮಾಡಿಲ್ಲ. ಪೋಯಮ್ಮೇ ಬೇಡದ ಪೋಯಂ ಪಾಠ ಮಾಡ್ತಿದೀನಲ್ಲ ಅನ್ನಿಸ್ತು.

ಬದಲಾಯಿಸಕ್ಕೆ ಹೊರಟ ಮೊದಲ ವರ್ಷ ಪೂರ್ತಿ ನಷ್ಟ. "ಈ ಪೋಯಂ ಓದಿ ನಿಮಗೇನನ್ನಿಸ್ತು?" ಅಂತ ಕೇಳ್ದೆ, ಕ್ಲಾಸ್ ಗಪ್‌ಚುಪ್. ಒಂದಿಬ್ರು "ನೈಸ್ ಮಿಸ್" ಅಂದ್ರು. ಹತ್ತು ಪೀರಿಯಡ್ ಹೀಗೆ ಹೋಯ್ತು. ಆಮೇಲೆ ದೊಡ್ಡ ಸ್ಪೀಕರ್ ತಗೊಂಡೆ, ಅರ್ಧ ತಿಂಗಳ ಸಂಬಳ ಹೋಯ್ತು ಅದಕ್ಕೆ, ನಟರು ಓದಿರೋ ರೆಕಾರ್ಡಿಂಗ್ ಹಾಕಿದ್ರೆ ಮಕ್ಕಳು ಮೋಡಿಯಾಗಿ ಕೇಳ್ತಾರೆ ಅಂದ್ಕೊಂಡಿದ್ದೆ. ಆ ಉಚ್ಚಾರ, ಆ ಸ್ಪೀಡು ಮಕ್ಕಳಿಗೆ ಹಿಡೀಲೇ ಇಲ್ಲ, ಇನ್ನೂ ದೂರ ಆದ್ರು. ಅದೇ ಪೋಯಮ್ಮನ್ನ ನಾನು ನಿಧಾನಕ್ಕೆ, ಪುಸ್ತಕ ಮುಚ್ಚಿಸಿ ಮೂರು ಸಲ ಓದಿದ್ರೆ ಕೇಳ್ತಿದ್ರು. ಸ್ಪೀಕರ್ ಈಗ ಸ್ಕೂಲ್ ಡೇಗೆ ಉಪಯೋಗಕ್ಕೆ ಬರ್ತಿದೆ. ಎರಡನೇ ವರ್ಷ ಪ್ರತಿ ಪೋಯಂಗೂ ಪ್ರತಿ ಮಗುಗೂ ಝೆರಾಕ್ಸ್ ಶೀಟು ಮಾಡಿಸ್ದೆ, ವರ್ಷಕ್ಕೆ ಸುಮಾರು ಒಂದು ವಾರದ ಸಂಬಳ ಅದಕ್ಕೇ ಸುರಿದಿರ್ಬೇಕು, ಅರ್ಧ ಶೀಟು ರಾಕೆಟ್ ಆಗಿ ಹಾರಿದ್ವು.

ಕೊನೆಗೆ ಕೆಲಸಕ್ಕೆ ಬಂದಿದ್ದಕ್ಕೆ ಖರ್ಚೇ ಇಲ್ಲ. ಬೋರ್ಡ್ ಮೇಲೆ ಪೋಯಂ ಬರೀತೀನಿ, ಕವಿ ಹೆಸರು ಬರೆಯಲ್ಲ, ಒಂದು ಪದ ಖಾಲಿ ಬಿಡ್ತೀನಿ. ಅಷ್ಟೇ. ಪುಸ್ತಕ ಬ್ಯಾಗಲ್ಲಿರ್ಬೇಕು. ಮಕ್ಕಳು ಆ ಜಾಗಕ್ಕೆ ಪದ ಹುಡುಕ್ಬೇಕು, ಯಾಕೆ ಆ ಪದ ಅಂತ ಹೇಳ್ಬೇಕು, ಎಲ್ಲಾ ಪದಾನೂ ಪಕ್ಕದಲ್ಲಿ ಬರೀತೀನಿ, ಹದಿನೈದು ಇಪ್ಪತ್ತು ಬರ್ತಾವೆ. ಆಮೇಲೆ ಕವಿ ಹಾಕಿದ ಪದ ತೋರಿಸ್ತೀನಿ, ಜಗಳ ಶುರು ಆಗತ್ತೆ. "ನಮ್ಮ ಪದ ಯಾಕೆ ಬೇಡ?" ಅಂತ. ಆ ಜಗಳಾನೇ ಪಾಠ. ಯಾವ ಪದ ಮುಚ್ಬೇಕು ಅನ್ನೋದ್ರಲ್ಲೇ ಎಲ್ಲಾ ಇದೆ, ಅದನ್ನ ಆರಿಸಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನ ಸದ್ಯಕ್ಕೆ ನನ್ನಲ್ಲೇ ಇಟ್ಕೋತೀನಿ. ಒಂದು ಮಾತ್ರ ಹೇಳ್ತೀನಿ, ಕಷ್ಟದ ಪದ ಮುಚ್ಚಬೇಡಿ, ಸುಲಭದ ಪದ ಮುಚ್ಚಿ.

ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ (ಒಂಥರ ಹಳದಿ ಹೂ) ಪೋಯಂ ಎಲ್ರೂ ಮಾಡಿರ್ತೀರ. ಅದು 1807ರಲ್ಲಿ ಮೊದಲು ಅಚ್ಚಾದಾಗ 18 ಸಾಲು ಇತ್ತು, 1815ರಲ್ಲಿ ಕವೀನೇ ತಿದ್ದಿ ಒಂದು ಪದ್ಯ (ಸ್ಟಾಂಜಾ) ಸೇರಿಸಿ 24 ಸಾಲು ಮಾಡ್ದ. ಮೊದಲ ಪದ್ಯದಲ್ಲಿ ಹೂಗಳಿಗೆ 'ಡ್ಯಾನ್ಸಿಂಗ್' ಅಂತ ಇದ್ದಿದ್ದನ್ನ 'ಗೋಲ್ಡನ್' ಮಾಡ್ದ, ಮುಂದೆ 'ಲಾಫಿಂಗ್' ಕಂಪನಿ ಇದ್ದಿದ್ದನ್ನ 'ಜೋಕಂಡ್' (ಉಲ್ಲಾಸದ) ಮಾಡ್ದ. ನಾನು 'ಗೋಲ್ಡನ್' ಮುಚ್ಚಿದ್ದೆ, ಕೆಲವು ಹುಡುಗಿಯರು ಆ ಜಾಗಕ್ಕೆ 'ಡ್ಯಾನ್ಸಿಂಗ್' ಅಂತ ಹಾಕಿದ್ರು! ಕವಿಯ ಮೊದಲ ಪದ ಅದೇ ಆಗಿತ್ತು ಅಂದಾಗ ಆ ಹುಡುಗಿಯರ ಮುಖ ನೋಡ್ಬೇಕಿತ್ತು. ಆಮೇಲೆ ಯಾಕೆ ಬದಲಾಯಿಸಿದ ಅಂತ ಅರ್ಧ ಪೀರಿಯಡ್ ವಾದ. ಮೊದಲ ರೂಪದಲ್ಲಿ ಎರಡೇ ಸಾಲು ಆದ್ಮೇಲೆ ಮತ್ತೆ ಅದೇ ಡ್ಯಾನ್ಸಿಂಗ್ ಬರತ್ತೆ, ರಿಪೀಟ್ ಆಯ್ತು, ಅದಕ್ಕೇ ತೆಗ್ದ ಅಂತ ಒಬ್ಬಳು, ಬಣ್ಣ ಮೊದಲು ಕಾಣತ್ತೆ ಕುಣಿತ ಆಮೇಲೆ ಕಾಣತ್ತೆ ಅಂತ ಇನ್ನೊಬ್ಬ. ಇದನ್ನ ಯಾವ ಗೈಡಲ್ಲೂ ನಾನು ನೋಡಿಲ್ಲ.

ಇದೇ ಪೋಯಂದು ಇನ್ನೊಂದು ಸಂಗತಿ ಹೇಳ್ಲೇಬೇಕು. ಕವಿ ಆ ಹೂಗಳನ್ನ ನೋಡಿದ್ದು 1802ರ ಏಪ್ರಿಲ್ 15ಕ್ಕೆ, ಜೊತೇಲಿ ತಂಗಿ ಡೊರೊಥಿ ಇದ್ಲು, ಅವಳು ಅದನ್ನ ತನ್ನ ದಿನಚರೀಲಿ ಬರ್ದಿದಾಳೆ. ಇದನ್ನ ಮೂರನೇ ಪೀರಿಯಡ್ಡಲ್ಲಿ ಹೇಳ್ತೀನಿ, ಮೊದಲೇ ಹೇಳಿದ್ರೆ ಕೆಟ್ಟೋಗತ್ತೆ. ಹೇಳಿದ ತಕ್ಷಣ "ಹಾಗಾದ್ರೆ ಮೊದಲ ಸಾಲಲ್ಲಿ 'ಲೋನ್ಲಿ' ಅಂದಿದ್ದು ಸುಳ್ಳಾ ಮಿಸ್?" ಅಂತ ಕೂಗು. ನಾನು ಉತ್ತರ ಕೊಡ್ಲಿಲ್ಲ, ಆ ಪದಾನ ಕನ್ನಡದಲ್ಲಿ ಹೇಳಿ ಅಂದೆ. ಅರ್ಧ ಕ್ಲಾಸು 'ಒಬ್ಬನೇ' ಅಂತು, ಅರ್ಧ ಕ್ಲಾಸು 'ಒಂಟಿ' ಅಂತು. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತು "ಮಿಸ್, ಅವನು ಒಬ್ಬನೇ ಇರ್ಲಿಲ್ಲ, ಆದ್ರೆ ಒಂಟಿಯಾಗಿದ್ದ, ಮನೆ ತುಂಬ ಜನ ಇದ್ರೂ ಒಂಟಿ ಆಗಿರ್ಬೋದು" ಅಂದ. ಕ್ಲಾಸು ಒಂದು ನಿಮಿಷ ಸುಮ್ನಾಯ್ತು. ಇಂಗ್ಲಿಷ್ ಪೀರಿಯಡ್ಡಲ್ಲಿ ಕನ್ನಡ ಮಾತಾಡಿಸ್ತೀರ ಅಂತ ನನ್ನ ಮೇಲೆ ಕಂಪ್ಲೇಂಟ್ ಹೋಗಿತ್ತು ಒಂದ್ಸಲ, ಆದ್ರೆ ಈ ಮಾತು ಕನ್ನಡದಲ್ಲಲ್ದೆ ಆ ಹುಡುಗನ ಬಾಯಿಂದ ಬರ್ತಿರ್ಲಿಲ್ಲ. ಯೋಚನೆ ಯಾವ ಭಾಷೇಲಾದ್ರೂ ಮಾಡ್ಲಿ, ಬರಿಯೋದು ಇಂಗ್ಲಿಷಲ್ಲಿ ಬರೀಲಿ, ನನ್ನ ಕ್ಲಾಸಲ್ಲಿ ಇದೇ ರೂಲು.

ಬ್ಲೇಕ್‌ನ ಟೈಗರ್ (1794, ಹುಲೀನ ಸೃಷ್ಟಿಸಿದ್ದು ಯಾರು ಅಂತ ಕೇಳೋ ಪೋಯಂ) ಮಾಡುವಾಗ ಪದ ಮುಚ್ಚೋ ಬದಲು ಮೊದಲ ಪದ್ಯ, ಕೊನೆ ಪದ್ಯ ಎರಡನ್ನೇ ಬೋರ್ಡಲ್ಲಿ ಪಕ್ಕ ಪಕ್ಕ ಬರ್ದೆ. ಎರಡೂ ಒಂದೇ ಅಂತಾರೆ ಮೊದಲು, ಐದು ನಿಮಿಷ ಬಿಡಿ, ಯಾರಾದ್ರೂ ಹಿಡೀತಾರೆ, ಒಂದೇ ಒಂದು ಪದ ಬೇರೆ, 'ಕುಡ್' ಹೋಗಿ 'ಡೇರ್' ಬಂದಿದೆ. ಹುಲಿ ಮಾಡಕ್ಕೆ ಆಗತ್ತಾ ಅನ್ನೋ ಪ್ರಶ್ನೆ, ಮಾಡಕ್ಕೆ ಧೈರ್ಯ ಹೇಗೆ ಬಂತು ಅಂತ ಆಗೋಯ್ತು. ಇಷ್ಟು ಸಿಕ್ಕಿದ್ಮೇಲೆ ಮಧ್ಯದ ನಾಲ್ಕು ಪದ್ಯಕ್ಕೆ ಒಂದು ಪೀರಿಯಡ್ ಸಾಕು, ಮಕ್ಕಳೇ ಎಳ್ಕೊಂಡು ಹೋಗ್ತಾರೆ.

ಷೆಲ್ಲಿಯ ಓಝಿಮಾಂಡಿಯಸ್ (1818, ಮರುಭೂಮೀಲಿ ಮುರಿದು ಬಿದ್ದ ಒಬ್ಬ ರಾಜನ ಪ್ರತಿಮೆ ಬಗ್ಗೆ ಪ್ರವಾಸಿ ಹೇಳಿದ ಕಥೆ) ಮೊದಲನೇ ಸಲ ಕೆಟ್ಟದಾಗಿ ಸೋತಿತ್ತು, ಯಾರು ಮಾತಾಡ್ತಿರೋದು ಅಂತಾನೇ ಮಕ್ಕಳಿಗೆ ಗೊತ್ತಾಗ್ಲಿಲ್ಲ. ಎರಡನೇ ಸಲ ಮೂವರನ್ನ ನಿಲ್ಲಿಸ್ದೆ, ಒಬ್ಬ 'ನಾನು', ಒಬ್ಬಳು ಪ್ರವಾಸಿ, ಒಬ್ಬ ರಾಜ. 14 ಸಾಲಲ್ಲಿ ರಾಜನಿಗೆ ಸಿಕ್ಕಿದ್ದು ಎರಡೇ ಸಾಲು. ಅವನು ಎದೆ ಉಬ್ಬಿಸಿ ನನ್ನ ಕೆಲಸ ನೋಡಿ ನಡುಗಿ ಅಂತ ಕೂಗ್ದ, ತಕ್ಷಣ ಆ ಹುಡುಗಿ ಮೆಲ್ಲಗೆ ಸುತ್ತ ಏನೂ ಉಳಿದಿಲ್ಲ ಅನ್ನೋ ಸಾಲು ಓದಿದ್ಲು. ನನಗೆ ಏನೂ ವಿವರಿಸೋ ಅಗತ್ಯಾನೇ ಬೀಳ್ಲಿಲ್ಲ. ಅದ್ರಲ್ಲಿ 'ಮಾಕ್ಡ್' ಅನ್ನೋ ಪದಕ್ಕೆ ಡಿಕ್ಷನರಿ ತೆಗೆಸಿ, ಅಣಕಿಸಿದ ಅನ್ನೋದೂ ಇದೆ, ನೋಡಿ ಹಾಗೇ ಮಾಡಿದ ಅನ್ನೋದೂ ಇದೆ. ಶಿಲ್ಪಿ ಕೈ ರಾಜನ ಮುಖಭಾವಾನ ಎರಡೂ ಮಾಡ್ತು ಅಂತ ಮಕ್ಕಳಿಗೆ ಹೊಳೆದ್ರೆ ಅವತ್ತಿನ ಪೀರಿಯಡ್ ಸಾರ್ಥಕ.

ಈಗ ಮಾರ್ಕ್ಸ್ ವಿಷಯ. ಎಲ್ರ ಭಯ ಅದೇ, ಕೀ ಆನ್ಸರಲ್ಲಿ ಒಂದು ಇರತ್ತೆ, ಮಕ್ಕಳು ಇನ್ನೊಂದು ಬರೆದ್ರೆ? ಫ್ರಾಸ್ಟ್‌ನ ರೋಡ್ ನಾಟ್ ಟೇಕನ್ ತಗೊಳ್ಳಿ, ಕಾಡಲ್ಲಿ ಎರಡು ದಾರಿ ಸಿಕ್ಕಿ ಒಂದನ್ನ ಹಿಡಿಯೋನ ಪೋಯಂ. ನಾನು ನೋಡಿದ ಗೈಡುಗಳೆಲ್ಲ ಜನ ಓಡಾಡದ ದಾರಿ ಹಿಡಿದ, ಅದಕ್ಕೇ ಗೆದ್ದ ಅಂತಾನೇ ಬರೀತಾವೆ. ಪೋಯಮ್ಮಲ್ಲಿ ನೋಡಿ, ಎರಡೂ ದಾರಿ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ವು ಅಂತ ಅವನೇ ಹೇಳ್ತಾನೆ, ಅವತ್ತು ಬೆಳಿಗ್ಗೆ ಎರಡರ ಮೇಲೂ ಯಾರೂ ತುಳಿಯದ ಎಲೆ ಬಿದ್ದಿತ್ತು ಅಂತಾನೂ ಇದೆ. ಗೆದ್ದ ಅಂತ ಎಲ್ಲೂ ಇಲ್ಲ, ಮುಂದೊಂದು ದಿನ ನಿಟ್ಟುಸಿರು ಬಿಟ್ಟು ಇದನ್ನ ಹೇಳ್ತೀನಿ ಅಂತಿದೆ. ಜೊತೆ ವಾಕ್ ಹೋಗ್ತಿದ್ದ ಗೆಳೆಯ ಎಡ್ವರ್ಡ್ ಥಾಮಸ್‌ನ ತಮಾಷೆ ಮಾಡಕ್ಕೆ ಫ್ರಾಸ್ಟ್ ಇದನ್ನ ಬರ್ದಿದ್ದು, ಯಾವ ದಾರೀಲಿ ಹೋದ್ರೂ ಇನ್ನೊಂದಕ್ಕೆ ಹೋಗ್ಬೇಕಿತ್ತು ಅಂತ ಪೇಚಾಡೋ ಮನುಷ್ಯ ಅವನು. ಇದನ್ನೆಲ್ಲ ಮಕ್ಕಳು ಬರೆದ್ರೆ ತಿದ್ದೋರು ಕಟ್ ಮಾಡ್ತಾರೆ ಅಂತ ಹೆದರಿ ಒಂದು ವರ್ಷ ನಾನೇ ಗೈಡ್ ಉತ್ತರ ಬರೆಸಿದ್ದೆ, ಅದಕ್ಕೆ ಇವತ್ತಿಗೂ ಬೇಜಾರಿದೆ. ಈಗ ಒಂದು ಅಭ್ಯಾಸ ಮಾಡಿಸಿದೀನಿ, ಏನೇ ಹೇಳಿದ್ರೂ ಪೋಯಮ್ಮಿನ ನಾಲ್ಕೈದು ಪದ ಕೊಟೇಶನ್ನಲ್ಲಿ ಹಾಕಿ ಸಾಕ್ಷಿ ಕೊಡ್ಬೇಕು, ಸಾಕ್ಷಿ ಇಲ್ದಿದ್ರೆ ನಾನೇ ಸೊನ್ನೆ ಹಾಕ್ತೀನಿ. ಸಾಕ್ಷಿ ಇರೋ ಉತ್ತರಕ್ಕೆ ಬೇರೆಯವರು ತಿದ್ದಿದ ಪೇಪರಲ್ಲೂ ಮಾರ್ಕ್ಸ್ ಕಟ್ ಆಗಿದ್ದು ನಾನು ಒಂದೆರಡು ಸಲ ಬಿಟ್ರೆ ನೋಡಿಲ್ಲ.

ಟೈಮ್ ಲೆಕ್ಕಾನೂ ಹೇಳ್ಬಿಡ್ತೀನಿ. ಮುಂಚೆ ಒಂದು ಪೋಯಂಗೆ ನಾಲ್ಕು ಪೀರಿಯಡ್, ಅದ್ರಲ್ಲಿ ಒಂದೂವರೆ ನೋಟ್ಸ್ ಬರೆಸಕ್ಕೇ ಹೋಗ್ತಿತ್ತು. ಈಗ ಮೂರು, ಕೆಲವಕ್ಕೆ ಮೂರೂವರೆ. ಸಮ್ಮರಿ ಮಕ್ಕಳೇ ಬರೀತಾರೆ, ಮನೇಲಿ, ಕೊನೇಲಿ, ಆರು ಸಾಲು ಮೀರಬಾರ್ದು. ತಿದ್ದೋ ಕೆಲಸ ಜಾಸ್ತಿ ಆಗಿದೆ, ಅದು ನಿಜ, ಭಾನುವಾರದ ಅರ್ಧ ದಿನ ಹೋಗತ್ತೆ.

ಮಧ್ಯೆ ಒಂದು ಬೇರೆ ಪ್ರಯೋಗ ಮಾಡ್ದೆ. ವಿಲಿಯಂ ಕಾರ್ಲೋಸ್ ವಿಲಿಯಮ್ಸ್‌ನ ಕೆಂಪು ತಳ್ಳುಗಾಡಿ (ರೆಡ್ ವೀಲ್‌ಬ್ಯಾರೋ) ಪೋಯಂ, 1923ರದ್ದು, ಬರೀ 16 ಪದ. ಅದನ್ನ ಒಂದೇ ವಾಕ್ಯವಾಗಿ ಬರ್ದು ನೀವೇ ಸಾಲು ಮುರೀರಿ ಅಂದೆ. ಮೂವತ್ತಕ್ಕೂ ಜಾಸ್ತಿ ಥರ ಬಂತು! ಯಾರೂ 'ವೀಲ್' ಆದ್ಮೇಲೆ ಮುರೀಲಿಲ್ಲ, ಕವಿ ಅಲ್ಲೇ ಮುರಿದು 'ಬ್ಯಾರೋ'ನ ಕೆಳಗೆ ಹಾಕಿದಾನೆ, 'ರೇನ್' 'ವಾಟರ್' ಕೂಡ ಹಾಗೇ. ಯಾಕೆ ಅನ್ನೋದಕ್ಕೆ ಮಕ್ಕಳು ಕೊಟ್ಟ ಉತ್ತರಗಳಲ್ಲಿ ನನಗೆ ಇಷ್ಟ ಆಗಿದ್ದು: "ನಾವು ಗಾಡಿ ಅಂತ ಒಂದೇ ಸಲ ನೋಡಿ ಮುಂದೆ ಹೋಗ್ತೀವಿ, ಅವನು ಮೊದ್ಲು ಚಕ್ರ ನೋಡು ಅಂತಾನೆ." ಈ ಪೋಯಂ ನಮ್ಮ ಸಿಲಬಸ್ಸಲ್ಲಿಲ್ಲ, ಆದ್ರೂ ಪ್ರತಿ ವರ್ಷ ಜೂನಲ್ಲಿ ಮೊದಲು ಇದನ್ನೇ ಮಾಡ್ತೀನಿ.

ರೈಮ್ ಸ್ಕೀಮಿಗೆ (ಸಾಲುಗಳ ಕೊನೆ ಪ್ರಾಸದ ಕ್ರಮ) ಬಣ್ಣದ ಚಾಕ್‌ಪೀಸ್ ಸಾಕು, ಒಂದು ಪ್ರಾಸಕ್ಕೆ ಒಂದು ಬಣ್ಣ. ಫ್ರಾಸ್ಟ್‌ನ ಸ್ಟಾಪಿಂಗ್ ಬೈ ವುಡ್ಸ್ 16 ಸಾಲಿಗೆ ಬಣ್ಣ ಹಾಕಿಸಿದ್ರೆ ಪ್ರತಿ ಪದ್ಯದ ಮೂರನೇ ಸಾಲು ಬೇರೆ ಬಣ್ಣ, ಅದೇ ಬಣ್ಣ ಮುಂದಿನ ಪದ್ಯಕ್ಕೆ ಹೋಗತ್ತೆ, ಸರಪಳಿ ಥರ. ಕೊನೆ ಪದ್ಯ ಪೂರ್ತಿ ಒಂದೇ ಬಣ್ಣ, ಕೊನೇ ಸಾಲು ಎರಡು ಸಲ. ಎಎಬಿಎ ಅಂತ ಬಾಯಿಪಾಠ ಮಾಡಿಸೋದು ಬಿಟ್ಟು ಇದನ್ನ ಒಂದ್ಸಲ ಮಾಡ್ನೋಡಿ.

ಇನ್ನೂ ನನಗೆ ದಾರಿ ಸಿಗದೇ ಇರೋದು ಎಮಿಲಿ ಡಿಕಿನ್‌ಸನ್, ಸಾಲುಗಳ ಮಧ್ಯೆ ಡ್ಯಾಶ್ ಹಾಕ್ತಾ ಬರೆದ ಅಮೆರಿಕದ ಕವಿ. ಆ ಡ್ಯಾಶುಗಳನ್ನ ಜೋರಾಗಿ ಹೇಗೆ ಓದ್ಬೇಕು ಅಂತ ಎರಡು ವರ್ಷದಿಂದ ಒದ್ದಾಡ್ತಿದೀನಿ, ಪದ ಮುಚ್ಚಿದ್ರೆ ಅಲ್ಲಿ ಕೆಲಸ ಮಾಡ್ತಿಲ್ಲ. ಈ ವರ್ಷ ಪದದ ಬದಲು ಡ್ಯಾಶುಗಳನ್ನೇ ತೆಗೆದು ಬೋರ್ಡಲ್ಲಿ ಬರೀತೀನಿ, ಎಲ್ಲೆಲ್ಲಿ ಉಸಿರು ನಿಲ್ಲತ್ತೆ ಅಂತ ಮಕ್ಕಳೇ ಹಾಕ್ಲಿ, ಆಮೇಲೆ ಅವಳದ್ದರ ಪಕ್ಕ ಇಟ್ಟು ನೋಡೋಣ.