ಬಿಸಿಲು ಮತ್ತು ಚರ್ಮದ ಕ್ಯಾನ್ಸರ್: ನಮ್ಮ ಮೈಯಲ್ಲಿ ಎಲ್ಲೆಲ್ಲಿ ನೋಡಿಕೊಳ್ಳಬೇಕು

ಚಿಕ್ಕಮಗಳೂರಿನ ಒಂದೇ ಕಾಫಿ ತೋಟದಲ್ಲಿ ದುಡಿಯುವ ಇಬ್ಬರಿಗೆ ತಗಲುವ ಬಿಸಿಲು ಒಂದೇ ಅಲ್ಲ. ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಿನಲ್ಲಿ ಹಣ್ಣು ಕೊಯ್ಯುವವರ ಮೇಲೆ ಚದುರಿದ ಬೆಳಕು ಬಿದ್ದರೆ, ಕಣದಲ್ಲಿ ಗೋರುಮಣೆ ಹಿಡಿದು ಮಧ್ಯಾಹ್ನವಿಡೀ ಕಾಫಿ ತಿರುವಿ ಹಾಕುವವರಿಗೆ ನೆತ್ತಿಯ ಬಿಸಿಲಿನ ಜೊತೆಗೆ ಸಿಮೆಂಟು ನೆಲದಿಂದ ಮರಳುವ ಕಿರಣಗಳೂ ತಾಗುತ್ತವೆ. ನಮ್ಮ ಅಪಾಯವೆಷ್ಟು ಎಂಬ ಲೆಕ್ಕವನ್ನು ಇಲ್ಲಿಂದಲೇ ಆರಂಭಿಸಬೇಕು.

ಚರ್ಮಕ್ಕೆ ಹಾನಿ ಮಾಡುವುದು ಬಿಸಿಲಿನ ಶಾಖವಲ್ಲ, ಅದರಲ್ಲಿರುವ ನೇರಳಾತೀತ ಕಿರಣ. ಆದ್ದರಿಂದ ಸೆಕೆಯನ್ನು ನಂಬಿ ಬಿಸಿಲನ್ನು ಅಳೆಯಬಾರದು. ಮುಳ್ಳಯ್ಯನಗಿರಿಯ ತಂಗಾಳಿಯಲ್ಲಿ ಬಿಸಿಲೇ ಇಲ್ಲವೆನ್ನಿಸಿದರೂ, ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಈ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ, ತೆಳುಮೋಡವೂ ಅವನ್ನು ಹೆಚ್ಚೇನೂ ತಡೆಯುವುದಿಲ್ಲ. ಅಳತೆಗೆ ನಿಮ್ಮ ನೆರಳೇ ಸಾಕು: ಅದು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಪ್ರಬಲವಾಗಿವೆ ಎಂದರ್ಥ. ಹಾಸನದಲ್ಲಿ ಏಪ್ರಿಲ್ 25ರ ಆಸುಪಾಸಿನಲ್ಲಿಯೂ ಆಗಸ್ಟ್ 18ರ ಆಸುಪಾಸಿನಲ್ಲಿಯೂ ಸೂರ್ಯ ನಡುನೆತ್ತಿಗೆ ಬಂದು ನೆರಳು ಕಾಲಡಿ ಸೇರುತ್ತದೆ. ಅದೂ ಹನ್ನೆರಡಕ್ಕಲ್ಲ, ಗಡಿಯಾರದಲ್ಲಿ ಸುಮಾರು 12.25ಕ್ಕೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ, ಅಂದರೆ ನೇರಳಾತೀತ ಕಿರಣದ ಪ್ರಬಲತೆಯ ಅಂಕ, 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೈ ಮುಚ್ಚಿಕೊಳ್ಳಬೇಕು, 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೊರಗಿನ ಕೆಲಸವನ್ನು ಬೆಳಿಗ್ಗೆ ಸಂಜೆಗೆ ಹಂಚಿಕೊಳ್ಳುವುದು ಲೇಸು.

ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಒಳ್ಳೆಯ ಕಾವಲುಗಾರ. ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ವಿರಳ. ಆದರೆ ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಆಲ್ಬಿನಿಸಂ ಇರುವವರಿಗೂ, ಮೂತ್ರಪಿಂಡ ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೂ ಈ ಸಮಾಧಾನ ಅನ್ವಯಿಸುವುದಿಲ್ಲ. ಅವರು ವರ್ಷವಿಡೀ ಎಚ್ಚರದಿಂದಿರಬೇಕು. ಅಂಥವರಿಗೆ ತುಂಬುತೋಳಿನ ಒತ್ತು ನೇಯ್ಗೆಯ ಅಂಗಿಯೇ ಮೊದಲ ರಕ್ಷಣೆ. ಮಲೆನಾಡಿನ ಹಾಳೆಟೊಪ್ಪಿ ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಅಂಚಿಲ್ಲದ ಕಾರಣ ಕಿವಿಯೂ ಕತ್ತಿನ ಹಿಂಭಾಗವೂ ಬಯಲಾಗಿಯೇ ಉಳಿಯುತ್ತವೆ. ಅದರ ಕೆಳಗೊಂದು ಟವೆಲ್ ಇಳಿಬಿಟ್ಟರೆ ಆ ಕೊರತೆ ತೀರುತ್ತದೆ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ (ಕಿರಣ ತಡೆಯುವ ಮಟ್ಟ) 30 ಅಥವಾ ಹೆಚ್ಚಿನದನ್ನು ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದಷ್ಟು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಉಳಿದ ನಾವೆಲ್ಲ ಹೆಚ್ಚಾಗಿ ನೋಡಬೇಕಾದದ್ದು ಬಿಸಿಲು ಬೀಳದ ಜಾಗಗಳನ್ನು. ಕಪ್ಪು ಮತ್ತು ಕಂದು ಚರ್ಮದವರಲ್ಲಿ ಮೆಲನೋಮ ಎಂಬ ಉಗ್ರ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಮತ್ತು ಉಗುರಿನಡಿಯಲ್ಲಿ. ಅದಕ್ಕೆ ಬಿಸಿಲು ಕಾರಣವಲ್ಲ. ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ತಲೆಯೆತ್ತಬಹುದು. ಲಂಗದ ಲಾಡಿಯನ್ನು ದಶಕಗಳ ಕಾಲ ಒಂದೇ ಜಾಗದಲ್ಲಿ ಬಿಗಿದು ಕಟ್ಟುವ ಹೆಂಗಸರ ಸೊಂಟದ ಪಟ್ಟಿಯಲ್ಲಿ ಚರ್ಮ ಕಪ್ಪಾಗಿ, ಹೊಟ್ಟೆದ್ದು, ಅಪರೂಪಕ್ಕೆ ಕ್ಯಾನ್ಸರ್‌ಗೆ ತಿರುಗಿದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಅಗಲವಾದ ಪಟ್ಟಿಗೆ ಬದಲಾಯಿಸಿಕೊಳ್ಳುವುದು ಸುಲಭದ ಪರಿಹಾರ.

ತಿಂಗಳಿಗೊಮ್ಮೆ, ಮಿಂದ ಮೇಲೆ, ಬೆಳಕಿರುವ ಜಗಲಿಯಲ್ಲಿ ಕುಳಿತು ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿರಿ. ಬೆರಳುಗಳ ಸಂದಿಯನ್ನೂ ಬಿಡಿಸಿ ನೋಡಬೇಕು. ಅಡಿಕೆ ಸುಲಿದ ಕೈಯ ಕಪ್ಪು ಕೆಲವು ದಿನಗಳಲ್ಲಿ ಹೋಗುತ್ತದೆ. ಹೋಗದೆ ಹರಡುವ, ಅಂಚು ಅಂಕುಡೊಂಕಾಗಿರುವ, ಒಂದೇ ಮಚ್ಚೆಯೊಳಗೆ ಎರಡು ಮೂರು ಬಣ್ಣ ತೋರುವ ಕಲೆ ಬೇರೆಯೇ. ಉಗುರಿಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ ಉಗುರಿನೊಂದಿಗೆ ಮುಂದೆ ಸರಿಯುತ್ತದೆ: ಕೈಬೆರಳಿನಲ್ಲಿ ತಿಂಗಳಿಗೆ ಸುಮಾರು 3 ಮಿ.ಮೀ., ಕಾಲ್ಬೆರಳಿನಲ್ಲಿ ಸುಮಾರು ಅದರ ಅರ್ಧದಷ್ಟು. ಹಲವು ಉಗುರುಗಳಲ್ಲಿ ಕಪ್ಪು ಗೆರೆಗಳಿರುವುದು ನಮ್ಮಲ್ಲಿ ಸಹಜವೇ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ಅಗಲವಾಗುತ್ತ, ಬುಡದ ಚರ್ಮಕ್ಕೂ ಕಪ್ಪು ಹಬ್ಬಿಸುವ ಉದ್ದಗೆರೆಯನ್ನು ತಡಮಾಡದೆ ತೋರಿಸಬೇಕು. ಮೂಗು ಅಥವಾ ಕಣ್ಣಿನ ಬಳಿ ಹೊಳಪಾದ ಕಪ್ಪು ಗುಳ್ಳೆಯೊಂದು ಪದೇಪದೇ ಹಕ್ಕಳೆ ಕಟ್ಟಿ ರಕ್ತ ಒಸರುತ್ತಿದ್ದರೆ, ನಾಲ್ಕು ವಾರವಾದರೂ ಗಾಯ ಮಾಯದಿದ್ದರೆ, ಆಗಲೂ ಇದೇ ಮಾತು.

ಸುಣ್ಣ ಸೋಡ ಹಚ್ಚಿ ಮಚ್ಚೆಯನ್ನು ಸುಡುವ ಹಳೆಯ ಪದ್ಧತಿ ಬೇಡವೇ ಬೇಡ. ಪರೀಕ್ಷೆಗೆ ಬೇಕಾದ ಗುರುತೇ ಅಳಿದುಹೋಗುತ್ತದೆ. ಬದಲಿಗೆ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ಫೋಟೋ ತೆಗೆದು, ತಾರೀಖಿನ ಸಮೇತ ಇಟ್ಟುಕೊಂಡು, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆಯ ಚರ್ಮರೋಗ ವೈದ್ಯರಿಗೆ ತೋರಿಸಬೇಕು. ಅವರು ಬಯಾಪ್ಸಿಗೆ ಹೇಳಿದರೆ, ಕತ್ತರಿ ತಾಗಿದರೆ ಹರಡುತ್ತದೆ ಎಂಬ ಊರಮಾತಿಗೆ ಹೆದರಿ ಹಿಂದಿರುಗಬೇಡಿರಿ. ಚೂರು ಚರ್ಮ ತೆಗೆಯುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಕಾಯಿಲೆ ಯಾವುದೆಂದು ಖಚಿತವಾಗುವುದು ಆ ಚೂರಿನಿಂದಲೇ.