ಮೊದಲು ತಂಬೂರಿ

ಬ್ಯಾಂಡಿನವರು ರೆಕಾರ್ಡಿಂಗಿಗೆ ಕೂತರೆ ಸಾಮಾನ್ಯವಾಗಿ ಮೊದಲು ಡ್ರಮ್ಸ್ ಹಿಡಿಯುತ್ತಾರೆ. ನಾವು ಹಿಡಿದದ್ದು ತಂಬೂರಿ. ನಮ್ಮ ಮೊದಲ ಆಲ್ಬಮ್ ಕೇಳಿದ ಗೆಳೆಯರು "ಇದರಾಗ ಏನೋ ಬ್ಯಾರೆ ಅದ, ಏನಂತ ಗೊತ್ತಾಗವಲ್ದು" ಅಂದಾಗಲೆಲ್ಲ ನಾನು ಕೊಡುವ ಉತ್ತರ ಇದೊಂದೇ.

ಧಾರವಾಡದ ನಮ್ಮ ಮನೆ ಮಂಗಳೂರು ಹೆಂಚಿನದು. ಪಡಸಾಲೆಯ ಪಕ್ಕದ 8 ಅಡಿ ಅಗಲ, 12 ಅಡಿ ಉದ್ದದ ಕೋಣೆಯೇ ಸ್ಟುಡಿಯೋ. ನಾಲ್ಕು ಜನ: ಗಿಟಾರಿನವನು, ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯ ನುಡಿಸುವವಳು, ಹಲಗಿಯವನು, ಹಾಡಿಗೂ ರೆಕಾರ್ಡಿಂಗಿಗೂ ನಾನು. ಸಾಮಾನು ಅಂದರೆ ಎರಡೇ ಇನ್‌ಪುಟ್ ಇರುವ ಸೆಕೆಂಡ್‌ಹ್ಯಾಂಡ್ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಡೈನಮಿಕ್ ಮೈಕ್, ಹಳೆಯ ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಗೋಡೆಗೆ ಕಂಬಳಿ, ಕಿಟಕಿಗೆ ಎರಡು ಪದರು ಕೌದಿ. 2022ರ ಮಳೆಗಾಲದಲ್ಲಿ ಶುರುಮಾಡಿ ಮರುವರ್ಷದ ಯುಗಾದಿಗೆ ಮುಗಿಸಿದೆವು.

ಮೊದಲ ಎರಡು ತಿಂಗಳ ಕೆಲಸವನ್ನೆಲ್ಲ ಅಳಿಸಿ ಹಾಕಿದ್ದೇವೆ. ಲಯ ತಪ್ಪದಂತೆ ಕಿವಿಯಲ್ಲಿ ಟಕ್ ಟಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಹಾಕಿಕೊಂಡು ಒಬ್ಬೊಬ್ಬರೇ ನುಡಿಸಿ ಒಂದರ ಮೇಲೊಂದು ಪೇರಿಸಿದ್ದೆವು. ಬಿಡಿಬಿಡಿಯಾಗಿ ಎಲ್ಲವೂ ಸರಿ, ಕೂಡಿಸಿದರೆ ಜೀವವಿಲ್ಲ. ಕೊನೆಗೆ ಹಿನ್ನೆಲೆಗೆ ಇರಲಿ ಎಂದು ಅಜ್ಜಿಯ ಮಿರಜ ತಂಬೂರಿಯನ್ನು ಸೇರಿಸಿದಾಗ ಅದು ಇನ್ನೂ ಕೆಟ್ಟಿತು. ಗಿಟಾರಿನ ಗಾಂಧಾರ ಬಂದಲ್ಲೆಲ್ಲ ನಾದ ನಡುಗುತ್ತಿತ್ತು. ಅವತ್ತು ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆವು. ಕರಿ ಒಂದು ಪಟ್ಟಿಯಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕರಿ ಮನೆಯ ಶ್ರುತಿಯಲ್ಲಿ, ಖರ್ಜದ (ಅತಿ ಕೆಳಗಿನ ಷಡ್ಜದ) ತಂತಿ ಸುಮಾರು 69.3 ಹರ್ಟ್ಸ್. ಜವಾರಿ, ಅಂದರೆ ಕುದುರೆಯ ಮೇಲೆ ತಂತಿಗೆ ಝೇಂಕಾರ ಕೊಡುವ ಹದ, ಚೆನ್ನಾಗಿ ಹಿಡಿದಿದ್ದರೆ ಆ ತಂತಿಯೊಳಗಿಂದ ಐದನೆಯ ಸ್ವರಾಂಶವಾಗಿ (ಮೂಲ ಕಂಪನದ ಐದು ಪಟ್ಟು) ಗಾಂಧಾರ ತಾನಾಗಿ ಏಳುತ್ತದೆ, ಅದು 346.5. ಗಿಟಾರಿನ ಫ್ರೆಟ್ಟಿನಲ್ಲಿ (ಸ್ವರದ ಜಾಗ ಗೊತ್ತುಮಾಡುವ ಲೋಹದ ಅಡ್ಡಪಟ್ಟಿ) ಅದೇ ಸ್ವರ 349.2. ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಸಲ ಎರಡೂ ಕಾದಾಡುತ್ತಿದ್ದವು. ಸೆಂಟ್ ಲೆಕ್ಕದಲ್ಲಿ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಹೇಳಿದರೆ 14ರ ಅಂತರ. ತಂಬೂರಿಯ ಮುಂದೆ ಕೂತು ಬೆಳೆದ ಕಿವಿಗೆ ಅದು ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ.

ತಂಬೂರಿಯನ್ನು ತೆಗೆದುಹಾಕಿದ್ದರೆ ಕೆಲಸ ಸಲೀಸಾಗುತ್ತಿತ್ತು. ನಾವು ಗಿಟಾರಿನ ಫ್ರೆಟ್ ಕಿತ್ತೆವು, ಬೆರಳು ಬೇಕಾದ ಸ್ವರಕ್ಕೆ ಸರಿಯಲಿ ಎಂದು. ಹಳೆಯ ಗಿಟಾರೊಂದರ 20 ಫ್ರೆಟ್‌ಗಳನ್ನೂ ಬೆಸುಗೆ ಕಡ್ಡಿಯಿಂದ ಕಾಯಿಸಿ ಇಕ್ಕಳದಿಂದ ಒಂದೊಂದಾಗಿ ಎತ್ತಿ, ಗೀರುಗಳಿಗೆ ಸಾಗವಾನಿ ಪುಡಿ ಮತ್ತು ಅಂಟು ತುಂಬಿ ಉಜ್ಜಿದ್ದಾಯಿತು. ಸಿಂಥಿನವಳು ತನ್ನ ಸಾಫ್ಟ್‌ವೇರಿನಲ್ಲಿ ಗಾಂಧಾರವನ್ನು 14 ಸೆಂಟ್ ಇಳಿಸಿಕೊಂಡಳು. ಕ್ಲಿಕ್ ಟ್ರ್ಯಾಕ್ ಅವತ್ತೇ ಹೋಯಿತು.

ದಸರೆ ಕಳೆದು ಮಳೆ ಹಿಂದಾದ ಮೇಲೆ, ಒಂದು ರಾತ್ರಿ ಎರಡು ಗಂಟೆಗೆ, ತಂಬೂರಿಯನ್ನು 40 ನಿಮಿಷ ಒಂದೇ ಓಟದಲ್ಲಿ ರೆಕಾರ್ಡ್ ಮಾಡಿದೆವು. ಮಳೆಯಿದ್ದರೆ ಹೆಂಚಿನ ಕೆಳಗೆ ಮೈಕ್ ಇಡುವಂತಿಲ್ಲ. ಮನೆಯ ಅರ್ಥಿಂಗ್ ಸರಿಯಿಲ್ಲದ್ದರಿಂದ ಚಾರ್ಜರ್ ಚುಚ್ಚಿದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಬರುತ್ತಿತ್ತು, ಹಾಗಾಗಿ ಬ್ಯಾಟರಿಯ ಮೇಲೆಯೇ. ದೊಡ್ಡ ತೊಡಕು ಕೋಣೆಯದು. 8 ಅಡಿ ಅಗಲದ ಎರಡು ಗೋಡೆಗಳ ನಡುವೆ ಸುಮಾರು 70 ಹರ್ಟ್ಸಿನ ಸದ್ದು ನಿಂತು ಉಬ್ಬುತ್ತದೆ. ನಮ್ಮ ಖರ್ಜ ಇರುವುದೂ ಅಲ್ಲಿಯೇ. ಮೂಲೆಯಲ್ಲಿ ಮೈಕ್ ಇಟ್ಟಾಗ ಖರ್ಜವೊಂದೇ ಕೇಳಿ ಉಳಿದ ಮೂರು ತಂತಿ ಮುಳುಗಿಹೋಗಿದ್ದವು. ಕಂಬಳಿ, ಕೌದಿ ಇಷ್ಟು ಕೆಳಗಿನ ಸದ್ದನ್ನು ಹೀರುವುದಿಲ್ಲ. ಅಗಲದ ಸರಿಮಧ್ಯಕ್ಕೆ ಮೈಕ್ ತಂದೆ. ಅಲ್ಲಿ ಆ ಅಲೆಯ ಒತ್ತಡ ಅತಿ ಕಡಿಮೆ. ಒಂದು ಗೇಣು ಆಚೀಚೆ ಸರಿಸುತ್ತ ಕೂತು, ನಾಲ್ಕೂ ತಂತಿ ಸಮ ಕೇಳಿದ ಕಡೆ ನೆಲಕ್ಕೆ ಸುಣ್ಣದ ಗುರುತು ಹಾಕಿದೆ. ಕೆಂಪು ನೆಲದ ಮೇಲೆ ಆ ಗುರುತು ಈಗಲೂ ಇದೆ.

ಮೀಟಿದವನು ನಾನೇ. ಶುರುವಿನಲ್ಲಿ ನಾಲ್ಕು ತಂತಿಯ ಒಂದು ಸುತ್ತಿಗೆ ಸುಮಾರು 5 ಸೆಕೆಂಡ್ ಹಿಡಿಯುತ್ತಿತ್ತು. ಕೊನೆಕೊನೆಗೆ 6ರ ಹತ್ತಿರ ಬಂದಿತ್ತು. ಆ ನಿಧಾನವೇ ಆಲ್ಬಮ್ಮಿನ ಲಯವಾಯಿತು. ಹಲಗಿಯವನು ಹೆಡ್‌ಫೋನಿನಲ್ಲಿ ಬರೀ ತಂಬೂರಿ ಕೇಳುತ್ತ ನುಡಿಸಿದ. ಹಲಗಿಯನ್ನು ಕೋಣೆಯಲ್ಲಿ ಹಿಡಿಯಲಾಗುವುದಿಲ್ಲ. ಹೊರಗೆ ಕಟ್ಟೆಯ ಮೇಲೆ, ಆರು ಅಡಿ ದೂರದಲ್ಲಿ ಡೈನಮಿಕ್ ಮೈಕ್ ಇಟ್ಟೆವು. ಥಂಡಿಗೆ ಚರ್ಮ ಸಡಿಲಾಗುತ್ತದೆ, ಅಂಗಳದಲ್ಲಿ ಬೆಂಕಿ ಮಾಡಿ ಹತ್ತು ನಿಮಿಷಕ್ಕೊಮ್ಮೆ ಕಾಯಿಸಬೇಕು. ಕಾದ ಹೊಸದರಲ್ಲಿ ಟಣ್ ಎನ್ನುವ ಸದ್ದು, ಬರಬರುತ್ತ ಮಂದ. ಎರಡನ್ನೂ ಬಳಸಿದ್ದೇವೆ, ಯಾವ ಹಾಡಿಗೆ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಂಡು.

ನಿಜವಾದ ಜಗಳ ಡಿಸೆಂಬರಿನಲ್ಲಿ. ಆ 40 ನಿಮಿಷದಲ್ಲಿ ತಂಬೂರಿಯ ಷಡ್ಜ 6 ಸೆಂಟ್ ಇಳಿದಿತ್ತು. ತಂತಿಯ ಎಳೆತವೋ ಮತ್ತೇನೋ, ಕಾರಣ ಯಾವುದೇ ಇರಲಿ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡೋಣ ಎಂದಳು ಸಿಂಥಿನವಳು. ಮಾಡಿ ನೋಡಿದೆವು, ಜವಾರಿಯ ಝೇಂಕಾರ ಪ್ಲಾಸ್ಟಿಕ್ಕಿನಂತಾಯಿತು. ನಮ್ಮ ಕಡೆ ಜವಾರಿ ಅಂದರೆ ನಾಟಿ, ನೆಲದ್ದು ಎಂಬ ಅರ್ಥವೂ ಇದೆ, ನನ್ನ ಮನಸ್ಸಿನಲ್ಲಿ ಎರಡೂ ಕೂಡಿಕೊಂಡಿವೆ. ಎರಡು ವಾರ ಮಾತುಕತೆ ನಿಂತಿತ್ತು. ಕಡೆಗೆ ಅವಳೇ ದಾರಿ ಕಂಡುಕೊಂಡಳು: ತನ್ನ ಸಿಂಥಿನ ಪಿಚ್ಚಿಗೆ 40 ನಿಮಿಷದುದ್ದಕ್ಕೂ 6 ಸೆಂಟ್ ಇಳಿಯುವ ಗೆರೆ ಎಳೆದಳು. ಈ ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಕೆಲಸ ಅದು. ಯಂತ್ರ ತಂಬೂರಿಯ ಜೊತೆ ದಣಿಯುತ್ತದೆ.

ಮಿಕ್ಸಿಂಗ್ ಬಗ್ಗೆ ಒಂದೇ ಮಾತು. ಅಮ್ಮನ ಫೋನಿನಲ್ಲಿ ಹಾಕಿ ಕೇಳಿದಾಗ ಖರ್ಜ ಇರಲಾರದು ಅಂದುಕೊಂಡಿದ್ದೆ; ಅಷ್ಟು ಚಿಕ್ಕ ಸ್ಪೀಕರ್ 70 ಹರ್ಟ್ಸ್ ನುಡಿಯುವುದಿಲ್ಲ. ಆದರೂ ಕೇಳಿತು. ಮೇಲಿನ ಸ್ವರಾಂಶಗಳು ಸರಿಯಿದ್ದರೆ ಕಿವಿಯೇ ಕೆಳಗಿನ ಷಡ್ಜವನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಬೇಸ್ ಏರಿಸುವ ಯೋಚನೆ ಬಿಟ್ಟೆ.

40 ನಿಮಿಷವನ್ನು ಏಳು ಹಾಡಾಗಿ ಕತ್ತರಿಸಿದ್ದೇವೆ. ಕೆಲವು ಆಪ್‌ಗಳಲ್ಲಿ ಹಾಡಿನಿಂದ ಹಾಡಿಗೆ ಹೋಗುವಾಗ ಅರೆಗಳಿಗೆ ತಂಬೂರಿ ತುಂಡಾಗುತ್ತದೆ, ಅದು ನನಗೆ ತಡೆಯಲಾಗಲಿಲ್ಲ. ಅದಕ್ಕೇ ಇಡಿಯದನ್ನು ಒಂದೇ ಫೈಲಾಗಿಯೂ ಹಾಕಿದ್ದೇವೆ. ಕೇಳುವುದಾದರೆ ಅದನ್ನೇ ಕೇಳಿ, ರಾತ್ರಿ ಹೊತ್ತು. ಅರ್ಧ ಗಂಟೆ ದಾಟಿದ ಮೇಲೆ ಹಲಗಿ ನಿಲ್ಲುತ್ತದೆ. ಅಲ್ಲಿ ತಂಬೂರಿ, ಸಿಂಥ್ ಎರಡೇ ಇಳಿಯುತ್ತಿರುತ್ತವೆ.